ಮೂರು ಹಗಲು, ಮೂರು ರಾತ್ರಿಯ ಎಣಿಕೆ

ಶಹಾಪುರದ ಬೆಟ್ಟವನ್ನು ದೂರದಿಂದ ಕಂಡವರು ಬುದ್ಧ ಮಲಗಿದ್ದಾನೆ ಎನ್ನುತ್ತಾರೆ. ಆ ಹಣೆಯ, ಆ ಎದೆಯ ಬಂಡೆಗಳಲ್ಲಿ ಆಮ್ಲಜನಕದೊಡನೆ ಬೆಸೆದುಕೊಂಡು ಕುಳಿತ ಸಿಲಿಕಾನೆಂಬ ಮೂಲವಸ್ತುವೇ ಇನ್ನೆಲ್ಲೋ ಶುದ್ಧಗೊಂಡು, ತೆಳು ಬಿಲ್ಲೆಯಾಗಿ, 1976ರಲ್ಲಿ ಹುಟ್ಟಿದ ಝೆಡ್80 ಪ್ರೊಸೆಸರ್ ಚಿಪ್ಪಿಗೂ ಇಂದಿನ ಆರ್ಡುಯಿನೊ ಮೆಗಾ ಬೋರ್ಡಿನ ಚಿಪ್ಪಿಗೂ ಒಡಲಾಯಿತು.

ಬಿಸಿಲು ಇಳಿದ ಹೊತ್ತಿನಲ್ಲಿ ಇವೆರಡನ್ನೂ ತಂತಿಗಳಿಂದ ಜೋಡಿಸುತ್ತ ಕೂತರೆ ಬೆರಳುಗಳು ತಾವಾಗಿಯೇ ನಿಧಾನವಾಗುತ್ತವೆ. ಹಳೆಯದಕ್ಕೆ ನಲವತ್ತು ಕಾಲು; ಅದರಲ್ಲಿ ಹದಿನಾರು ವಿಳಾಸ ಕೇಳುವುದಕ್ಕೆ, ಎಂಟು ಉತ್ತರ ಪಡೆಯುವುದಕ್ಕೆ. ಎರಡೂ 5 ವೋಲ್ಟಿನಲ್ಲೇ ಉಸಿರಾಡುವುದರಿಂದ ನಡುವೆ ದುಭಾಷಿ ಬೇಕಿಲ್ಲ. ಉತ್ತರದ ಎಂಟೂ ತಂತಿಗಳನ್ನು ಒಂದೊಂದು ರೆಸಿಸ್ಟರಿನ ಮೂಲಕ ನೆಲಕ್ಕೆ ಕಟ್ಟಿದರೆ ಅದು ಏನು ಕೇಳಿದರೂ ಸಿಗುವುದು ಸೊನ್ನೆ, ಮತ್ತು ಝೆಡ್80ಗೆ ಸೊನ್ನೆಯೆಂದರೆ ಏನೂ ಮಾಡದೆ ಮುಂದಿನ ವಿಳಾಸಕ್ಕೆ ಸಾಗೆಂಬ ಅಪ್ಪಣೆ.

ಹಾಗೆ ಏನೂ ಮಾಡದೆ ಅದು ತನ್ನ 65,536 ವಿಳಾಸಗಳನ್ನೂ ಒಂದನ್ನೂ ಬಿಡದೆ ಮುಟ್ಟುತ್ತ ಹೋಗುತ್ತದೆ. 4 ಮೆಗಾಹರ್ಟ್ಸ್ ವೇಗದಲ್ಲಿ ಈ ಯಾತ್ರೆ ಒಂದು ಸೆಕೆಂಡಿನ ಹದಿನೈದನೆಯ ಪಾಲಿನಲ್ಲಿ ಮುಗಿದು, ಕಣ್ಣಿಗೆ ಏನೂ ಸಿಕ್ಕುವುದಿಲ್ಲ. ಬದಲಿಗೆ ಮೆಗಾ ಅದಕ್ಕೆ ಸೆಕೆಂಡಿಗೆ ಒಂದೇ ಕ್ಲಾಕ್ ಬಡಿತ ಕೊಡಲಿ, ಪ್ರತಿ ವಿಳಾಸವೂ ನಾಲ್ಕು ಬಡಿತ ಬೇಡುವುದರಿಂದ, ಅದೇ ದಾರಿ ಮೂರು ಹಗಲು ಮೂರು ರಾತ್ರಿಗೆ ಹರಡಿಕೊಳ್ಳುತ್ತದೆ. ಅಷ್ಟರಲ್ಲಿ ನಾರಾಯಣಪುರದ ಅಣೆಕಟ್ಟಿನಿಂದ ಬಿಟ್ಟ ಕೃಷ್ಣೆಯ ನೀರು ಎಡದಂಡೆ ಕಾಲುವೆ ಹಿಡಿದು ಸುರಪುರ, ಶಹಾಪುರದ ಗದ್ದೆಗಳಿಗೆ ಇಳಿಯುತ್ತದೆ, ಯಾದಗಿರಿಯ ಹಳಿಗಳ ಮೇಲೆ ಮುಂಬೈ, ಚೆನ್ನೈ ಕಡೆಯ ರೈಲುಗಳು ಹಾದುಹೋಗುತ್ತಲೇ ಇರುತ್ತವೆ, ಮೆಗಾ ಓದಿ ಕಂಪ್ಯೂಟರಿಗೆ ಕಳಿಸುವ ವಿಳಾಸದ ಅಂಕಿಗಳು ಪರದೆಯ ಮೇಲೆ ಒಂದೊಂದಾಗಿ ಏರುತ್ತವೆ.

ಸಿಮಾಸ್ (CMOS) ತಳಿಯ ಝೆಡ್80 ಆದರೆ ಬಡಿತವನ್ನೇ ನಿಲ್ಲಿಸಿದರೂ ಎಲ್ಲಿದ್ದೆನೆಂಬುದನ್ನು ಮರೆಯದು, ವಿದ್ಯುತ್ತೊಂದು ಇದ್ದರೆ ಸಾಕು. ಅದರ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಮೆಗಾದ ಎದೆ ಒಂದೂವರೆ ಕೋಟಿಗೂ ಹೆಚ್ಚು ಸಲ ಬಡಿದಿರುತ್ತದೆ, ಅಷ್ಟೂ ವೇಗ ಬರಿಯ ಕಾಯುವುದಕ್ಕೇ ಸವೆಯುತ್ತದೆ. ಹಿರಿಯರೊಡನೆ ಬೆಟ್ಟ ಹತ್ತುವ ಹುಡುಗ ಮೆಟ್ಟಿಲು ಮೆಟ್ಟಿಲಿಗೂ ನಿಂತು ನೋಡುವಂತೆ.

ಝೆಡ್80 ತಯಾರಿಸುತ್ತಿದ್ದ ಜೈಲಾಗ್ ಕಂಪನಿ 2024ರಲ್ಲಿ ಈ ಚಿಪ್ಪಿನ ಕೊನೆಯ ಆರ್ಡರುಗಳನ್ನು ಪಡೆಯಿತು. ಉಳಿದ ಝೆಡ್80ಗಳ ಜೊತೆಗಾರರಾದ ಹಳೆಯ ಮೆಮೊರಿ ಚಿಪ್ಪುಗಳೂ ಅಪರೂಪವಾದಂತೆ, ಅವುಗಳ ಬದಲಿಗೆ, ಸೊನ್ನೆಯ ಜಾಗದಲ್ಲಿ ಮೆಗಾ ತನ್ನದೇ ನೆನಪಿನಿಂದ ಒಂದೊಂದು ಬೈಟನ್ನು ಇಟ್ಟುಕೊಡಬಹುದು, ಆಗ ಏನೂ ಮಾಡದಿದ್ದದ್ದು ಲೆಕ್ಕ ಹಾಕತೊಡಗುತ್ತದೆ. ಕೇಳಿದ ವಿಳಾಸಕ್ಕೆ ಹೊತ್ತಿಗೆ ಸರಿಯಾಗಿ ಉತ್ತರ ಬಂದರೆ ಅದಕ್ಕೆ ಸಾಕು. ಕೊಟ್ಟವರು ಯಾರೆಂದು ಅದು ಕೇಳುವುದೇ ಇಲ್ಲ.