ತೊಳೆದವರ ಕೈ, ತೊಳೆಸಿಕೊಂಡವರ ಕಾಲು

ತೆಲಂಗಾಣದ ಮುಲುಗು ಜಿಲ್ಲೆಯ ಪಾಲಂಪೇಟೆಯ ರಾಮಪ್ಪ ಗುಡಿ ಕಾಕತೀಯರ ಕಾಲದ್ದು. ಗಣಪತಿದೇವನ ದಂಡನಾಯಕ ರೇಚರ್ಲ ರುದ್ರ 1213ರಲ್ಲಿ ಕಟ್ಟಿಸಿದ ಈ ಶಿವಾಲಯಕ್ಕೆ ಆಡುಮಾತಿನಲ್ಲಿ ಕಟ್ಟಿಸಿದವನ ಹೆಸರು ಉಳಿಯಲಿಲ್ಲ, ಕೆತ್ತಿದ ಶಿಲ್ಪಿಯದೆಂದು ಜನ ಹೇಳುವ ಹೆಸರು ಉಳಿಯಿತು. ಗೋಡೆ ಕೆಂಪು ಮರಳುಗಲ್ಲಿನದು. ಸೂರಿನ ಕೆಳಗೆ ಓರೆಯಾಗಿ ಚಾಚಿ ನಿಂತಿರುವ ಮದನಿಕೆಯರು ಮಾತ್ರ ಮಿರಮಿರ ಮಿನುಗುವ ಕರಿಗಲ್ಲಿನವರು. ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿದ ಕಣ್ಣಿಗೆ ಇವರು ಒಂದೇ ಮನೆತನದವರು ಅನಿಸುತ್ತಾರೆ; ವಯಸ್ಸಿನಲ್ಲಿ ನೂರು ವರ್ಷ ಕಿರಿಯರು, ಮೈಕಟ್ಟು ತುಸು ನೀಳ, ಒಡವೆಯ ಭಾರ ಕಡಿಮೆ. ಅವರಲ್ಲೊಬ್ಬಳು ಎತ್ತರದ ಹಿಮ್ಮಡಿಯ ಪಾದರಕ್ಷೆ ಮೆಟ್ಟಿದ್ದಾಳೆ ಎಂದು ಗೈಡುಗಳು ಬೆರಳು ಮಾಡಿ ತೋರಿಸುತ್ತಾರೆ.

2025ರ ಮೇ 14ರಂದು ಈ ಗುಡಿಗೆ ಜೀವಂತ ಸುಂದರಿಯರು ಬಂದರು. ಹೈದರಾಬಾದಿನಲ್ಲಿ ನಡೆಯುತ್ತಿದ್ದ 72ನೇ ಮಿಸ್ ವರ್ಲ್ಡ್ ಸ್ಪರ್ಧೆಯ ಒಂದು ತಂಡ ಅದು. ರಾಜ್ಯ ಸರ್ಕಾರ ಸ್ಪರ್ಧೆಯನ್ನು ತನ್ನ ಪರಂಪರೆಯ ಪ್ರದರ್ಶನವನ್ನಾಗಿಯೂ ರೂಪಿಸಿತ್ತು. ಚಾರ್‌ಮಿನಾರ್, ಪೋಚಂಪಲ್ಲಿಯ ಮಗ್ಗ, ಯಾದಗಿರಿಗುಟ್ಟದ ನರಸಿಂಹ, ನಾಗಾರ್ಜುನ ಸಾಗರದ ಬುದ್ಧವನ ಎಲ್ಲವೂ ಕಾರ್ಯಕ್ರಮ ಪಟ್ಟಿಯಲ್ಲಿದ್ದವು. ರಾಮಪ್ಪ ಗುಡಿಯಲ್ಲಿ ಸ್ಪರ್ಧಿಗಳನ್ನು ಸಾಲಾಗಿ ಕುರ್ಚಿಗಳಲ್ಲಿ ಕೂರಿಸಿ, ಕಾಲ ಕೆಳಗೆ ತಟ್ಟೆ ಇಟ್ಟರು. ಸೀರೆಯುಟ್ಟ ಸ್ಥಳೀಯ ಹೆಂಗಸರು ಬಾಗಿ ನೀರು ಹೊಯ್ದರು. ಪಾದ ತೊಳೆದು ಬಟ್ಟೆಯಿಂದ ಒರೆಸಿದ್ದೂ ಕ್ಯಾಮೆರಾದಲ್ಲಿ ದಾಖಲಾಯಿತು.

ಸಂಜೆಯೊಳಗೆ ಗದ್ದಲ. ಇದು ತೆಲಂಗಾಣದ ಹೆಣ್ಣುಮಕ್ಕಳಿಗೆ ಮಾಡಿದ ಅವಮಾನ ಎಂದು ಬಿಜೆಪಿ, ಬಿಆರ್‌ಎಸ್ ನಾಯಕರು ಸಿಡಿದರು. ಗುಡಿಯೊಳಗೆ ಹೋಗುವ ಮುನ್ನ ಕಾಲು ತೊಳೆಯುವುದು ಪದ್ಧತಿ, ಅತಿಥಿ ದೇವರ ಸಮಾನ ಎಂದು ಸರ್ಕಾರದ ಪರ ನಿಂತವರು ಉತ್ತರಿಸಿದರು. ಎರಡು ಕಡೆಯವರೂ ಸಂಸ್ಕೃತಿಯ ಹೆಸರಿನಲ್ಲೇ ಮಾತಾಡುತ್ತಿದ್ದರು ಎಂಬುದು ತಮಾಷೆ.

ಆದರೆ ಜಗಳದ ಅಡಿಯಲ್ಲಿ ಒಂದು ನಿಜವಾದ ಪ್ರಶ್ನೆಯಿದೆ. ಇನ್ನೊಬ್ಬರ ಕಾಲು ತೊಳೆಯುವುದು ಯಾವಾಗ ಭಕ್ತಿ, ಯಾವಾಗ ಊಳಿಗ?

ಕೆಲಸ ನೋಡಿದರೆ ಎರಡೂ ಒಂದೇ: ಅದೇ ನೀರು, ಅದೇ ಬಾಗಿದ ಬೆನ್ನು. ಭಾಗವತದ ಕೃಷ್ಣ ಹರಕು ಬಟ್ಟೆಯ ಕುಚೇಲನನ್ನು ತನ್ನ ಮಂಚದ ಮೇಲೆ ಕೂರಿಸಿ ಪಾದ ತೊಳೆದು, ಆ ನೀರನ್ನು ತಲೆಗೆ ಹಾಕಿಕೊಳ್ಳುತ್ತಾನೆ. ಧರ್ಮರಾಯನ ರಾಜಸೂಯದಲ್ಲಿ ಅಗ್ರಪೂಜೆ ಸಂದದ್ದೂ ಕೃಷ್ಣನಿಗೇ, ಬಂದ ಬ್ರಾಹ್ಮಣರ ಕಾಲು ತೊಳೆಯುವ ಕೆಲಸವನ್ನು ವಹಿಸಿಕೊಂಡವನೂ ಅವನೇ. ಯೋಹಾನನ ಸುವಾರ್ತೆಯಲ್ಲಿ ಯೇಸು ಕಡೆಯ ಊಟದ ಹೊತ್ತಿಗೆ ಶಿಷ್ಯರ ಕಾಲು ತೊಳೆಯುತ್ತಾನೆ. ಪೇತ್ರ ಮೊದಲು ಒಪ್ಪುವುದೇ ಇಲ್ಲ. ಅದರ ನೆನಪಿನ ಆಚರಣೆಗೆಂದು ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮ್‌ನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ 12 ಮಂದಿಯ ಪಾದ ತೊಳೆದು ಮುತ್ತಿಟ್ಟರು. ಅವರಲ್ಲಿ ಹೆಣ್ಣುಮಕ್ಕಳಿದ್ದರು, ಮುಸ್ಲಿಮರಿದ್ದರು. ಸಂಪ್ರದಾಯಸ್ಥರಿಗೆ ಅದು ಹಿಡಿಸಲಿಲ್ಲ.

ಈ ಕತೆಗಳಲ್ಲೆಲ್ಲ ಬಾಗುವವನು ಮೇಲಿನವನು. ಆಚರಣೆಗೆ ಬೆಲೆ ಬಂದದ್ದೇ ಅಲ್ಲಿಂದ. ದೊರೆ ಬಡವನ ಕಾಲು ಹಿಡಿದರೆ ಮೇಲು ಕೀಳಿನ ಲೆಕ್ಕ ಒಂದು ಗಳಿಗೆಯಾದರೂ ತಲೆಕೆಳಗಾಗುತ್ತದೆ. ಬಡವ ದೊರೆಯ ಕಾಲು ತೊಳೆದರೆ ಯಾರೂ ಕತೆ ಬರೆಯುವುದಿಲ್ಲ. ಅದು ದಿನವೂ ನಡೆಯುವಂಥದ್ದು.

ಕೆಳಗಿನವರು ಮೇಲಿನವರ ಪಾದ ತೊಳೆಯುವ ಪವಿತ್ರ ಆಚರಣೆಗಳೂ ಉಂಟು, ನಿಜ. ವೀರಶೈವರ ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ಗುರು ಜಂಗಮರ ಪಾದಪೂಜೆಯ ನೀರು ಭಕ್ತನಿಗೆ ತೀರ್ಥ. ಮದುವೆ ಮಂಟಪದಲ್ಲಿ ಹೆಣ್ಣಿನ ತಂದೆ ಅಳಿಯನಾಗುವವನನ್ನು ವಿಷ್ಣುವೆಂದು ಭಾವಿಸಿ ಕಾಲು ತೊಳೆಯುತ್ತಾನೆ. ಇವನ್ನು ಪ್ರಶ್ನಿಸುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಆದರೂ ಅಲ್ಲಿ ತೊಳೆಯುವವನಿಗೆ ಎದುರಿನ ಪಾದದಲ್ಲಿ ಏನೋ ಕಾಣುತ್ತದೆ, ಪೂಜೆ ಮುಗಿದ ಮೇಲೆ ಅವನಿಗೂ ಏನೋ ಸಿಗುತ್ತದೆ. ಪಾಲಂಪೇಟೆಯ ಹೆಂಗಸಿಗೆ ಆ ಅಪರಿಚಿತ ಯುವತಿಯ ಪಾದದಲ್ಲಿ ಕಾಣಬೇಕಾಗಿದ್ದದ್ದು ಯಾವ ದೇವರು? ಪ್ರವಾಸೋದ್ಯಮ ಎಂದರೆ ಒರಟಾದೀತು, ಸುಳ್ಳಂತೂ ಆಗದು.

‘ಅವರೇ ಇಷ್ಟಪಟ್ಟು ಮಾಡಿದರೆ ನಿಮಗೇನು ನೋವು?’ ಎಂದು ಕೇಳಬಹುದು. ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಮನೆಗೆ ಬಂದವರನ್ನು ಉಪಚರಿಸುವುದರಲ್ಲಿ ನಿಜವಾದ ಸಂತೋಷವಿದೆ. ಆ ಹೆಂಗಸರಲ್ಲಿ ಹಲವರಿಗೆ ಅದು ಹೆಮ್ಮೆಯ ದಿನವೇ ಆಗಿದ್ದಿರಬಹುದು. ಚರ್ಚೆಯಲ್ಲಿ ಹೆಚ್ಚು ಕೇಳಿಸಿದ್ದು ಮಾತ್ರ ರಾಜಕಾರಣಿಗಳ ದನಿ. ಆದರೆ ಇಷ್ಟಪಟ್ಟು ಮಾಡಿದರು ಎಂಬ ವಾದದ ರುಚಿ ಕರ್ನಾಟಕಕ್ಕೆ ಹೊಸದಲ್ಲ. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಹರಕೆ ಹೊತ್ತವರು ಉರುಳುತ್ತಿದ್ದ ಮಡೆಸ್ನಾನದ ಪರವಾಗಿ ವರ್ಷಗಟ್ಟಲೆ ಹೇಳುತ್ತಿದ್ದದ್ದೂ ಇದನ್ನೇ: ಯಾರ ಒತ್ತಾಯವೂ ಇಲ್ಲ, ಅವರವರ ನಂಬಿಕೆ. 2014ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಸ್ವಂತ ಇಚ್ಛೆ ಇದೆ ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಇಚ್ಛೆ ಯಾವಾಗಲೂ ಒಂದೇ ದಿಕ್ಕಿಗೆ ಏಕೆ ಬಾಗುತ್ತದೆ ಎಂದು ಕೇಳಬೇಕಾಗುತ್ತದೆ. ಕುರ್ಚಿಯಲ್ಲಿ ಕೂತವರು ಎದ್ದು, ನೀರು ಹೊಯ್ದವರನ್ನು ಕೂರಿಸಿ ಅವರ ಕಾಲು ತೊಳೆದಿದ್ದರೆ? ಹಾಗೊಂದು ಸಾಧ್ಯತೆ ಕಾರ್ಯಕ್ರಮ ಪಟ್ಟಿ ಬರೆದವರಿಗೆ ಹೊಳೆದಿರಲಾರದು.

ಬೆಂಗಳೂರಿಗೆ ಇಲ್ಲಿ 1996 ನೆನಪಾಗಬೇಕು. ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ ಆ ನವೆಂಬರ್ 23ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇದೇ ಸ್ಪರ್ಧೆ ನಡೆಸಿತು. ಹೆಣ್ಣಿನ ಮೈ ಪ್ರದರ್ಶನ ನಮ್ಮ ಸಂಸ್ಕೃತಿಯಲ್ಲ ಎಂದು ಒಂದು ಗುಂಪು, ಇದು ಬಹುರಾಷ್ಟ್ರೀಯ ಕಂಪನಿಗಳ ಸಂತೆ ಎಂದು ರೈತಸಂಘ ಬೀದಿಗಿಳಿದವು. ಮಧುರೈಯಲ್ಲಿ ಒಬ್ಬ ಯುವಕ ಬೆಂಕಿ ಹಚ್ಚಿಕೊಂಡು ಸತ್ತ. ಈಜುಡುಗೆಯ ಸುತ್ತು ಸೇಶೆಲ್ಸ್ ದ್ವೀಪಕ್ಕೆ ಹೋಯಿತು, ಕಿರೀಟ ಗ್ರೀಸಿನ ಐರೀನ್ ಸ್ಕ್ಲಿವಾಗೆ ಸಿಕ್ಕಿತು. ಅಂದು ಸಂಸ್ಕೃತಿ ಕ್ರೀಡಾಂಗಣದ ಹೊರಗೆ ನಿಂತು ಕೂಗುತ್ತಿತ್ತು. ಮುಂದೆ ಮಿಸ್ ವರ್ಲ್ಡ್ ಈಜುಡುಗೆಯ ಸುತ್ತನ್ನೇ ಕೈಬಿಟ್ಟಿತು. ಹೈದರಾಬಾದಿನ ಹೊತ್ತಿಗೆ ಗುಡಿ, ಮಗ್ಗ, ಲಂಗ ದಾವಣಿ ಎಲ್ಲವೂ ವೇದಿಕೆ ಏರಿದ್ದವು. ಮೈ ತೋರಿಸುವುದಕ್ಕೆ ಅಡ್ಡ ಬಂದವರಿಗೆ ಇದು ಗೆಲುವೆಂದೇ ಅನಿಸೀತು. ಆದರೆ ವೇದಿಕೆ ಏರಿದ ಆಚರಣೆ ತನ್ನ ಸಂಬಂಧಗಳನ್ನು ಕೆಳಗೆ ಬಿಟ್ಟು ಬರುತ್ತದೆ. ಭಕ್ತ, ಗುರು, ಬೀಗರು ಯಾರೂ ಇಲ್ಲದೆ ಪಾದ ತೊಳೆಯುವ ದೃಶ್ಯ ಮಾತ್ರ ಉಳಿದಾಗ ಅದರಲ್ಲಿ ಕಾಣುವುದು ಕೂತವರು ಮತ್ತು ಬಾಗಿದವರು, ಅಷ್ಟೇ.

ಇನ್ನು ಆ ‘ಪದ್ಧತಿ’ಯ ಮಾತು. ಗುಡಿಗೆ ಹೋಗುವ ಭಕ್ತ ಕಲ್ಯಾಣಿಯಲ್ಲೋ ನಲ್ಲಿಯಲ್ಲೋ ತನ್ನ ಕಾಲು ತಾನೇ ತೊಳೆದುಕೊಳ್ಳುತ್ತಾನೆ. ಹಳ್ಳಿಯ ಮನೆಗೆ ನೆಂಟರು ಬಂದರೆ ಜಗುಲಿಗೆ ಬರುವುದು ಚೊಂಬಿನ ನೀರು. ‘ಕೈಕಾಲು ತೊಳ್ಕೊಳ್ಳಿ’ ಎಂದು ಮನೆಯವರು ಚೊಂಬು ಕೊಟ್ಟು ಒಳಗೆ ಹೋಗುತ್ತಾರೆ, ಬಂದವರು ಅಂಗಳದ ಅಂಚಿನಲ್ಲಿ ನಿಂತು ಒಂದು ಕಾಲಿಂದ ಇನ್ನೊಂದು ಕಾಲು ಉಜ್ಜಿಕೊಳ್ಳುತ್ತಾರೆ. ಉಪಚಾರಕ್ಕೆ ಅಷ್ಟು ಸಾಕಿತ್ತು. ಪಾಲಂಪೇಟೆಯಲ್ಲಿ ಗುಡಿಯ ಮಡಿ, ನೆಂಟರ ಉಪಚಾರ, ಗುರುವಿನ ಪಾದಪೂಜೆ ಮೂರನ್ನೂ ಕಲಸಿ, ಆದದ್ದಕ್ಕೆ ಪರಂಪರೆ ಎಂದು ಹೆಸರಿಟ್ಟರು.

ಬೇಲೂರು ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿವೆ. ಹಂಪಿ ಮೊದಲೇ ಇತ್ತು. ಇಂಥ ಅತಿಥಿಗಳು ನಾಳೆ ಇಲ್ಲಿಗೂ ಬರಬಹುದು, ಬರಲಿ. ಸ್ವಾಗತ ಸಮಿತಿಯವರು ಬಾಗಿಲಲ್ಲಿ ಒಂದು ಹಂಡೆ ನೀರು, ನಾಲ್ಕು ಚೊಂಬು ಇಟ್ಟು, ತೊಳೆದುಕೊಳ್ಳುವ ಕೆಲಸವನ್ನು ಬಂದವರಿಗೇ ಬಿಡಲಿ.