ಹಳೇ ಪಾಸ್‌ಪೋರ್ಟು

2019ರ ನವೆಂಬರ್. ಅಪ್ಪ ಕೆಂಗೇರಿ ಉಪನಗರದ ನಮ್ಮ ಬಾಡಿಗೆ ಮನೇಲಿ ಮಲಗಿದ್ದರು. ಡಾಕ್ಟರು "ಕರೆಸೋರಿದ್ರೆ ಕರೆಸಿಬಿಡಿ" ಅಂದರು. ಅಮೆರಿಕದಲ್ಲಿದ್ದ ಅಕ್ಕ ಅವತ್ತೇ ಎರಡು ಟಿಕೆಟ್ ತೆಗೆದಳು, ತನಗೊಂದು, ಏಳು ವರ್ಷದ ಮಗಳಿಗೊಂದು. ಭಾವ ಆಫೀಸ್ ಕೆಲಸದ ಮೇಲೆ ಬೇರೆ ಊರಲ್ಲಿದ್ದರು.

ಚೆಕ್-ಇನ್ ಕೌಂಟರಿನಲ್ಲಿದ್ದ ಹುಡುಗಿ ಅಕ್ಕನ ಪಾಸ್‌ಪೋರ್ಟು ನೋಡಿ ತಲೆಯಾಡಿಸಿದಳಂತೆ. ಅದು ಭಾರತದ್ದು, ತೊಂದರೆ ಇಲ್ಲ. ಮಗು ಅಲ್ಲೇ ಹುಟ್ಟಿದ್ದು. ಅಮೆರಿಕದ ಪಾಸ್‌ಪೋರ್ಟು, ಜೊತೆಗೆ ಓಸಿಐ ಕಾರ್ಡು. ಅಲ್ಲಿ ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ ಆಯಸ್ಸು. ಹೊಸದು ಬಂದಿತ್ತು, ಕಾರ್ಡಿನ ಮೇಲಿದ್ದದ್ದು ಹಳೇ ನಂಬರು. ಹಳೇದೆಲ್ಲಿ? ಮನೇಲಿ, ಎರಡು ಗಂಟೆ ದಾರಿ. "ನೀವು ಹೋಗಬಹುದು ಮೇಡಂ, ಮಗು ಹೋಗೋ ಹಾಗಿಲ್ಲ."

ಏಳು ವರ್ಷದ ಮಗುವನ್ನ ಏರ್‌ಪೋರ್ಟಲ್ಲಿ ಬಿಟ್ಟು ಯಾವ ತಾಯಿ ಹೋಗ್ತಾಳೆ? ವಾಪಸ್ ಹೋದಳು. ಮರುದಿನ ಬೇರೆ ವಿಮಾನದ ಕೌಂಟರಿನಲ್ಲಿ ಎರಡೂ ಪಾಸ್‌ಪೋರ್ಟು ತೋರಿಸಿದಾಗ ಬಿಟ್ಟರು. ತಮಾಷೆ ಅಂದ್ರೆ, ಆಗಿನ ನಿಯಮ ಕಟ್ಟುನಿಟ್ಟಾಗಿ ಓದಿದರೆ ಅದೂ ಸಾಲದು. ಇಪ್ಪತ್ತು ವರ್ಷದೊಳಗಿನವರು ಪ್ರತಿ ಹೊಸ ಪಾಸ್‌ಪೋರ್ಟಿಗೂ ಕಾರ್ಡನ್ನೇ ಹೊಸದಾಗಿ ಮಾಡಿಸಬೇಕಿತ್ತು. ಒಂದೇ ನಿಯಮ, ಒಬ್ಬರು ತಡೆದರು, ಇನ್ನೊಬ್ಬರು ಬಿಟ್ಟರು.

ಆ ರಾತ್ರಿ ನಾನು ಕೌಂಟರಿನ ಹುಡುಗಿಗೆ ಬಾಯಿಗೆ ಬಂದ ಹಾಗೆ ಶಾಪ ಹಾಕಿದ್ದೆ. ಮನುಷ್ಯತ್ವ ಇಲ್ವಾ ಅವಳಿಗೆ, ಅಂತ. ಎಷ್ಟೋ ದಿನ ಆದಮೇಲೆ ಕೂತು ಓದಿದೆ, ಇದು ಹೇಗೆ ನಡೆಯುತ್ತೆ ಅಂತ. ಯಾರನ್ನ ಒಳಗೆ ಬಿಡಬೇಕು ಅನ್ನೋದು ದೇಶದ ಕೆಲಸ. ಆದರೆ ದೇಶಗಳು ಆ ಬಾಗಿಲನ್ನ ಸಾವಿರಾರು ಮೈಲಿ ಆಚೆಗೆ ತಳ್ಳಿ, ಕಾವಲಿಗೆ ವಿಮಾನ ಕಂಪನಿಗಳನ್ನ ನಿಲ್ಲಿಸಿವೆ. ನಮ್ಮಲ್ಲಿ ಅದಕ್ಕೆ 2000ನೇ ಇಸವಿಯ ಕಾಯ್ದೆಯೇ ಇತ್ತು: ಸರಿಯಾದ ದಾಖಲೆ ಇಲ್ಲದವರನ್ನ ಹೊತ್ತು ತಂದ ಕಂಪನಿಗೆ 1 ಲಕ್ಷ ರೂಪಾಯಿ ದಂಡ. ಬ್ರಿಟನ್ 1987ರಲ್ಲೇ ಇಂಥದ್ದನ್ನ ತಂದಿತ್ತು. ಕೌಂಟರಿನವರ ಎದುರಿಗಿರೋದು ಟಿಮ್ಯಾಟಿಕ್ ಅನ್ನೋ ಡೇಟಾಬೇಸು. ಯಾವ ದೇಶದವರು ಯಾವ ದೇಶಕ್ಕೆ ಹೋಗೋಕೆ ಏನೇನು ಬೇಕು ಅಂತ ಅದು ಹೇಳುತ್ತೆ, ಅವರು ಓದ್ತಾರೆ. ಎದುರಿಗೆ ನಿಂತವರ ಅಪ್ಪ ಸಾಯ್ತಿದ್ದಾರೆ ಅನ್ನೋದಕ್ಕೆ ಅದರಲ್ಲಿ ಜಾಗ ಇಲ್ಲ.

ನಾನೂ ಇಂಥದ್ದೇ ಕೋಡು ಬರೆದು ಹೊಟ್ಟೆ ಹೊರೆಯೋನು. ಹಾಗಾಗಿ ಒಂದು ವಿಷಯ ತಕ್ಷಣ ಕಣ್ಣಿಗೆ ಬಿತ್ತು. ತಪ್ಪು ಎರಡು ಥರ. ಬಿಡಬಾರದವರನ್ನ ಬಿಡೋದು ಒಂದು, ಬಿಡಬೇಕಾದವರನ್ನ ತಡೆಯೋದು ಇನ್ನೊಂದು. ಮೊದಲನೆಯದಕ್ಕೆ ದಂಡ, ಜೊತೆಗೆ ಆ ಪ್ರಯಾಣಿಕರನ್ನ ವಾಪಸ್ ಕರೆದೊಯ್ಯೋ ತಲೆನೋವು. ಎರಡನೆಯದಕ್ಕೆ ಹೆಚ್ಚುಕಡಿಮೆ ಏನೂ ಇಲ್ಲ. ಬೆಲೆ ಹೀಗಿಟ್ಟರೆ ಒಳ್ಳೆಯವರೂ ತಡೆಯೋದನ್ನೇ ಕಲೀತಾರೆ. ಹುಡುಗಿಯದು ತಪ್ಪಲ್ಲ, ವ್ಯವಸ್ಥೆಯದು ಅಂತ ನನಗೆ ನಾನೇ ಹೇಳಿಕೊಂಡೆ. ಒಂಥರಾ ನೆಮ್ಮದಿಯೂ ಆಯ್ತು.

ಆ ನೆಮ್ಮದಿಯೇ ಅನುಮಾನ ಹುಟ್ಟಿಸಿದ್ದು. ವ್ಯವಸ್ಥೆ ಅಂದ್ರೆ ಯಾರು? ಕಾನೂನು ಬರೆದವರು ಅಕ್ಕನನ್ನ ನೋಡಿಲ್ಲ. ನೋಡಿದ ಹುಡುಗಿ ಕಾನೂನು ಬರೆದಿಲ್ಲ. ಅಕ್ಕ ಮೇಲಿನವರನ್ನ ಒಂದ್ಸಲ ಕೇಳಿ ಅಂದಳಂತೆ. ಕೇಳಿ ಪ್ರಯೋಜನ ಇಲ್ಲ ಅಂತ ಉತ್ತರ. ಕೇಳಿದ್ದರೂ ಇಲ್ಲ ಅಂತಲೇ ಬರ್ತಿತ್ತೇನೋ. ಆದರೆ ಕೇಳೋಕೆ ಖರ್ಚಿರಲಿಲ್ಲ.

ಇಷ್ಟೇ ಆಗಿದ್ದರೆ ಬರೀತಿರಲಿಲ್ಲ.

ಮೊದಲ ವಿಮಾನ ಸಿಕ್ಕಿದ್ದರೆ ಅಕ್ಕ ಬುಧವಾರ ರಾತ್ರಿ ಮನೇಲಿರ್ತಿದ್ದಳು. ಅಪ್ಪ ಗುರುವಾರ ಬೆಳಗಿನ ಜಾವ ಹೋದರು. ನೈಸ್ ರಸ್ತೆ ಹಿಡಿದು, ಕುಣಿಗಲ್ ದಾಟಿ ನಾಗಮಂಗಲ ಕಡೆಯ ನಮ್ಮೂರಿಗೆ ತಗೊಂಡು ಹೋದ್ವಿ. ಅಕ್ಕ ಆಗ ಆಕಾಶದಲ್ಲಿದ್ದಳು. ದೇವನಹಳ್ಳಿಯಲ್ಲಿ ಇಳಿಯೋದು ರಾತ್ರಿ ಒಂದಕ್ಕೆ, ಊರು ಮುಟ್ಟೋದು ಬೆಳಗಿನ ಐದಕ್ಕೆ. ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ಸಿಗ್ತಿತ್ತು, ನಾನು ಫೋನ್ ಮಾಡಿ ವಿಚಾರಿಸಿಯೂ ಇದ್ದೆ. ಮಧ್ಯಾಹ್ನ ಹಿರಿಯರು ಜಗಲಿ ಮೇಲೆ ಕೂತು, "ಹೊತ್ತು ಮುಳುಗೋದ್ರೊಳಗೆ ಆಗ್ಬೇಕಪ್ಪ. ಹೆಣ ಕಾಯಿಸ್ಬಾರ್ದು. ಮಗ ಇದ್ದೀಯಲ್ಲ, ಸಾಕು" ಅಂದರು. ಕೆಟ್ಟವರಲ್ಲ ಅವರು. ನನ್ನ ಬೀಯಿಗೆ ಫೀಸು ಸಾಲದೇ ಬಂದಾಗ ಅದೇ ಜಗಲಿ ಮೇಲೆ ದುಡ್ಡು ಎಣಿಸಿ ಕೊಟ್ಟವರು. ಎಲ್ಲರೂ ನನ್ನ ಮುಖ ನೋಡಿದರು. "ಒಂದು ರಾತ್ರಿ ಇರಲಿ ದೊಡ್ಡಪ್ಪ" ಅಂದಿದ್ದರೆ ಗೊಣಗಿಕೊಂಡಾದ್ರೂ ಒಪ್ಪುತ್ತಿದ್ದರು. ನಾನು "ಆಯ್ತು" ಅಂದೆ. ಐದೂವರೆಗೆ ತೆಂಗಿನ ತೋಟದಲ್ಲಿ ಮಣ್ಣಾಯ್ತು.

ನನಗೆ ಯಾವ ದಂಡವೂ ಇರಲಿಲ್ಲ. ಊರವರ ಎರಡು ಮಾತು, ಅಷ್ಟೇ. ಪದ್ಧತಿ ಅಂತ ಒಂದಿತ್ತು, ಅದನ್ನ ಓದಿ ಹೇಳಿದರು, ನಾನು ಒಪ್ಪಿದೆ. ಕೌಂಟರಿನ ಹುಡುಗಿ ಕನಿಷ್ಠ ಅಪರಿಚಿತರನ್ನ ತಡೆದಿದ್ದಳು.

ಅಕ್ಕ ಆ ಹುಡುಗಿಯನ್ನ ಇವತ್ತಿನವರೆಗೂ ಒಂದು ಮಾತು ಬೈದಿಲ್ಲ. "ಅವಳಿಗೆ ನಾನ್ಯಾರೋ?" ಅಂತಾಳೆ. ಅವತ್ತು ಬೆಳಿಗ್ಗೆ ತೋಟದಲ್ಲಿ ಹಸಿ ಮಣ್ಣಿನ ಹತ್ತಿರ ನಿಂತು ನನ್ನನ್ನ ಕೇಳಿದ್ದು ಒಂದೇ: "ನೀನಾದ್ರೂ ಇರ್ಲಿ ಅನ್ನಬಹುದಿತ್ತಲ್ಲ?" ಮಗು ಪಕ್ಕದಲ್ಲಿ ನಿದ್ದೆಗಣ್ಣಲ್ಲಿ ನಿಂತಿತ್ತು.

2021ರ ಮಾರ್ಚಲ್ಲಿ ಸರ್ಕಾರ, ಓಸಿಐನವರು ಇನ್ನುಮುಂದೆ ಹಳೇ ಪಾಸ್‌ಪೋರ್ಟು ಹಿಡಿದು ಬರಬೇಕಿಲ್ಲ ಅಂತ ಹೇಳಿತು. ಮರುತಿಂಗಳು ಕಾರ್ಡು ಮತ್ತೆ ಮತ್ತೆ ಮಾಡಿಸೋ ನಿಯಮವನ್ನೂ ಸಡಿಲ ಮಾಡಿತು; ಈಗ ಹೊಸ ಪಾಸ್‌ಪೋರ್ಟಿನ ಪ್ರತಿಯನ್ನ ವೆಬ್‌ಸೈಟಿಗೆ ಏರಿಸಿದರೆ ಮುಗೀತು. ಆ ಸುದ್ದಿಯನ್ನ ಅಕ್ಕನಿಗೆ ವಾಟ್ಸಾಪ್ ಮಾಡಿದೆ. ಎರಡು ನೀಲಿ ಗೆರೆ ಬಂತು. ಉತ್ತರ ಬರಲಿಲ್ಲ.