ಒಂದು ಕಪ್ಪು ಚಹಾದ ಋಣ



ಲಗ್ನದ ಜವಳಿ ತೆಗೆಯಲು ಸೊಲ್ಲಾಪುರಕ್ಕೆ ಹೋಗಿ ಬಂದ ನಮ್ಮ ಭಾಗದ ಭಕ್ತರಿಗೆಲ್ಲ ಈ ಅನುಭವವಿದೆ. ಅಂಗಡಿಯವರು ಗಾದಿಯ ಮೇಲೆ ಕೂಡ್ರಿಸುತ್ತಾರೆ, ಚಹಾ ತರಿಸುತ್ತಾರೆ, ಮಕ್ಕಳ ಕೈಗೆ ಬಿಸ್ಕೀಟು ಕೊಡುತ್ತಾರೆ. ಆಮೇಲೆ ಸೀರೆ ಮನಸ್ಸಿಗೆ ಬರದಿದ್ದರೂ ಬರಿಗೈಲಿ ಏಳಲು ಸಂಕೋಚ. "ಅವರ ಚಹಾ ಕುಡದೇವಿ, ಹಾಂಗ ಹ್ಯಾಂಗ ಎದ್ದು ಬರೂದು?" ಎಂದು ಹಿರಿಯರೇ ಅನ್ನುತ್ತಾರೆ. ಒಂದು ಕಪ್ಪು ಚಹಾದ ಋಣವನ್ನು ಸಾವಿರಾರು ರೂಪಾಯಿ ಕೊಟ್ಟು ತೀರಿಸಬೇಕೇ? ಸಣ್ಣದಾಗಿ ಕಂಡರೂ ಇದು ಧರ್ಮದ ಪ್ರಶ್ನೆಯೇ ಆಗಿದೆ.

ವಿದ್ವಾಂಸರು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೇರಿಕೆಯ ಮನಶ್ಶಾಸ್ತ್ರಜ್ಞ ಡೆನ್ನಿಸ್ ರೀಗನ್ ಅವರ ಪ್ರಯೋಗವೊಂದು 1971ರಲ್ಲಿ ಪ್ರಕಟವಾಯಿತು. ಅದರಲ್ಲಿ ಪ್ರಯೋಗದವರ ಕಡೆಯ ಒಬ್ಬನು ಹೊರಗೆ ಹೋಗಿ ಬರುವಾಗ, ಕೇಳದೆಯೇ, ಜೊತೆಯವನಿಗೂ ಒಂದು ಕೋಕಾಕೋಲಾ ತಂದುಕೊಟ್ಟನು. ನಂತರ 25 ಸೆಂಟಿನ ಲಾಟರಿ ಚೀಟಿಗಳನ್ನು ಕೊಳ್ಳುವಂತೆ ಕೇಳಿಕೊಂಡನು. ಪಾನೀಯ ಪಡೆದವರು ಪಡೆಯದವರಿಗಿಂತ ಹೆಚ್ಚುಕಡಿಮೆ ಇಮ್ಮಡಿ ಚೀಟಿ ಕೊಂಡರು. ಅವನ ನಡತೆ ಹಿಡಿಸದವರೂ ಕೊಂಡರು. ರಾಬರ್ಟ್ ಚಾಲ್ಡೀನಿ ಅವರು 1984ರ ತಮ್ಮ 'ಇನ್‌ಫ್ಲುಯೆನ್ಸ್' ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ.

ಇಲ್ಲಿ ನಾವು ಗಮನಿಸಬೇಕಾದ ಮಾತೊಂದಿದೆ. ಈ ವ್ಯಾಪಾರದ ಉಪಾಯ ಹಿಡಿದದ್ದು ನಮ್ಮ ದುರ್ಗುಣವನ್ನಲ್ಲ, ಸದ್ಗುಣವನ್ನು. ಉಪಕಾರ ಮರೆಯಬಾರದೆಂಬ ಭಾವವೇ ಅದರ ಬಂಡವಾಳ. ಹಾಗೆಂದು ಆ ಭಾವವನ್ನೇ ಬಿಟ್ಟುಬಿಡೋಣವೇ? ಕೊಟ್ಟವರನ್ನೆಲ್ಲ ಸಂಶಯದಿಂದ ನೋಡುವ ಊರಿನಲ್ಲಿ ನೆರೆಹೊರೆ ಉಳಿಯುವುದಿಲ್ಲ.

ಬಿಡಬೇಕಾದುದು ಕೃತಜ್ಞತೆಯನ್ನಲ್ಲ, ಕೊಡುಗೆಗೂ ಖರ್ಚಿಗೂ ಇರುವ ಭೇದವನ್ನು ಅರಿಯಬೇಕು. ಮರಳಿ ಪಡೆಯುವ ಲೆಕ್ಕವಿಟ್ಟು ಕೊಟ್ಟದ್ದು ವ್ಯಾಪಾರದ ಖರ್ಚು. ಅದಕ್ಕೆ ಋಣವಿಲ್ಲ. ಎಲ್ಲ ಅಂಗಡಿಕಾರರೂ ಹಾಗಲ್ಲ. ಏನೂ ಕೊಳ್ಳದೆ ಎದ್ದಾಗಲೂ "ಮತ್ತ ಬರ್ರಿ" ಎಂದು ನಗುಮುಖದಿಂದ ಕಳಿಸುವವನು ಚಹಾವನ್ನು ನಿಜವಾಗಿ ಕೊಟ್ಟವನು. ಅವನಿಗೂ ಸಲ್ಲಬೇಕಾದುದು ಒಳ್ಳೆಯ ಮಾತು. ಬೇಡದ ಸೀರೆಯ ಬೆಲೆಯಲ್ಲ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ತನ್ನ ನಿಯಮಗಳಲ್ಲಿ, ವಸ್ತುವನ್ನು ತರಿಸಿಕೊಳ್ಳುವಂತಹ ಅನಿವಾರ್ಯ ಖರ್ಚಿನ ಹೊರತು ಬೇರೆ ಹಣ ಕೊಡಬೇಕಾದಲ್ಲಿ 'ಉಚಿತ' ಎಂದು ಜಾಹೀರಾತು ಮಾಡಬಾರದೆಂದಿದೆ. ಕಾನೂನು ಹಣದ ಲೆಕ್ಕ ನೋಡಬಲ್ಲದು. ಸಂಕೋಚದ ಲೆಕ್ಕವನ್ನು ನಾವೇ ನೋಡಿಕೊಳ್ಳಬೇಕು.

ಈ ಅಳತೆಗೋಲು ನಮಗೂ ಸಲ್ಲುತ್ತದೆ. ದಾಸೋಹದಲ್ಲಿ ಪ್ರಸಾದ ಬಡಿಸಿ, ಕೈ ತೊಳೆಯುವುದರೊಳಗೆ ಪಾವತಿ ಪುಸ್ತಕ ಮುಂದೆ ಹಿಡಿದರೆ ನಾವೂ ಚಹಾ ಕುಡಿಸಿದ ಅಂಗಡಿಕಾರರೇ ಆಗುತ್ತೇವೆ. ಉಂಡವನು ಏನೂ ಕೊಡದೆ, ತಲೆ ತಗ್ಗಿಸದೆ ಎದ್ದು ಹೋಗಬಲ್ಲನಾದರೆ ಮಾತ್ರ ಅದು ದಾಸೋಹ. ಭಕ್ತರು ಪೇಟೆಯಲ್ಲಿಯೂ ಮಠದಲ್ಲಿಯೂ ಇದನ್ನೇ ಒರೆಗಲ್ಲಾಗಿ ಇಟ್ಟುಕೊಳ್ಳಲಿ.